ನಾನೂರ ಇಪ್ಪತ್ತಮೂರು ಪದ

ಮಾರ್ಚ್ 3, ಸೋಮವಾರ

ಮಾತಿನ ತರಬೇತಿಯಾಕೆ ಇವತ್ತು ನನ್ನ ಕೈಗೊಂದು ನೋಟುಬುಕ್ಕು ಕೊಟ್ಟಳು. ತರಬೇತಿ ತಮ್ಮನಿಗೆ, ಪುಸ್ತಕ ನನಗೆ! "ಅವರಿಗೆ ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಡ್ತಿದ್ದೀರ. ನಿಮಗೆ ಹೇಳಬೇಕು ಅನ್ಸಿದ್ದನ್ನ ಇದರಲ್ಲಿ ಬರ್ಕೊಳ್ಳಿ, ಅವರದ್ದನ್ನ ಅವರು ಹೇಳ್ಲಿ" ಅಂದಳು. ಮುಖದ ತುಂಬ ನಗು ಬೇರೆ.

ನಾನಲ್ಲದೆ ಇನ್ನಾರು ಉತ್ತರ ಕೊಡಬೇಕು? ಗಂಟಲಲ್ಲಿ ಗಡ್ಡೆ ಎಂದು ಜನವರಿಯಲ್ಲಿ ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದಾರೆ. ಈಗ ಕತ್ತಿನ ಬುಡದ ತೂತಿನಿಂದ ಉಸಿರಾಡುತ್ತಾನೆ. ತುಟಿ ಅಲ್ಲಾಡಿಸಿದರೆ ನನಗೆ ಅರ್ಧದಲ್ಲೇ ತಿಳಿದುಬಿಡುತ್ತದೆ, ಉಳಿದರ್ಧ ನಾನು ಹೇಳಿಬಿಡುತ್ತೇನೆ. ಚೀಟಿಯಲ್ಲಿ ಬರೆಯುವಾಗಲೂ ಅಷ್ಟೇ, ಎರಡು ಪದ ಬರೆಯುವಷ್ಟರಲ್ಲಿ ನಾನು ಎದ್ದು ತಂದುಕೊಟ್ಟಿರುತ್ತೇನೆ. ಇತ್ತೀಚೆಗೆ ಬರೆಯುವುದನ್ನೂ ಬಿಟ್ಟಿದ್ದಾನೆ. ಪಾಪ, ಸುಸ್ತು.

ನಲವತ್ತೊಂದು ವರ್ಷದ ತಮ್ಮ ಬದುಕಿ ನನ್ನ ಮನೆಗೆ ಬಂದಿದ್ದಾನೆ. ಪಕ್ಕದ ಕೋಣೆಯಲ್ಲಿ ಅವನು ಮಗ್ಗುಲು ಬದಲಿಸುವ ಸದ್ದು ಕೇಳುತ್ತಿದೆ. ಇದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಯಾರೂ ಮಾಡಿಲ್ಲ. ಆ ಸರ್ಜನ್ ಹೊಟ್ಟೆ ತಣ್ಣಗಿರಲಿ.

ಮಾರ್ಚ್ 5, ಬುಧವಾರ

ಡ್ರೈವಿಂಗ್ ಸ್ಕೂಲಿನ ಮಾಲಕಿ ಫೋನ್ ಮಾಡಿದ್ದರು. ತಮ್ಮ ಅಲ್ಲಿ ಹದಿನಾರು ವರ್ಷದಿಂದ ಕಾರು ಕಲಿಸುತ್ತಿದ್ದವನು. "ಅವರ ಸೀಟು ಇಟ್ಕೊಂಡಿದ್ದೀನಿ. ಆದ್ರೆ ಏಪ್ರಿಲ್ ನಾಲ್ಕಕ್ಕೆ ಒಂದು ಪಾಠ ಮಾಡಿ ತೋರಿಸ್ಬೇಕು. ಕಲಿಯೋರಿಗೆ ಎಡ ಬಲ ಹೇಳೋಕಾದ್ರೂ ಆಗ್ಬೇಕಲ್ಲ?" ಅಂದರು. ನ್ಯಾಯವಾದ ಮಾತು. ಇಷ್ಟು ದಿನ ಕಾದದ್ದೇ ಹೆಚ್ಚು. ತಮ್ಮ ಎದುರಿಗೇ ಇದ್ದ. "ಬರ್ತಾನೆ, ಖಂಡಿತ ಬರ್ತಾನೆ" ಎಂದು ನಾನೇ ಹೇಳಿ ಫೋನಿಟ್ಟೆ.

ಇನ್ನು ಎಲ್ಲವೂ ನನ್ನ ಕೈಯಲ್ಲಿದೆ. ನಮ್ಮ ಆಫೀಸು ಬೀಗ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ಐದು ಮೇಜು. ನಾವು ಮಾಡುವುದು ಮಾತಾಡುವ ಪೆಟ್ಟಿಗೆ. ಮಾತು ಕಳೆದುಕೊಂಡವರು ಗುಂಡಿ ಒತ್ತಿದರೆ ಅದು ಅವರ ಪರವಾಗಿ ಮಾತಾಡುತ್ತದೆ. ಹಳೆಯ ಪೆಟ್ಟಿಗೆಗೆ ಹನ್ನೆರಡೇ ಗುಂಡಿ, ಹನ್ನೆರಡೇ ಮಾತು, ಎಲ್ಲಕ್ಕೂ ನಂಬರು. ಹೊಸದಕ್ಕೆ ಪುಟ್ಟ ಕೀಬೋರ್ಡು, ಪುಟ್ಟ ಪರದೆ. ಪದ ಟೈಪ್ ಮಾಡಿ "ಹೇಳು" ಎಂಬ ಗುಂಡಿ ಒತ್ತಬೇಕು.

ತಮ್ಮನ ದನಿ ನಮ್ಮ ಹತ್ತಿರ ಇದೆ, ಅದೇ ನಮ್ಮ ಪುಣ್ಯ. ಆಪರೇಷನ್ನಿಗೆ ಮುಂಚಿನ ಎರಡು ದಿನ ಅವನನ್ನು ಸ್ಟುಡಿಯೋದಲ್ಲಿ ಕೂರಿಸಿ ನಾನೂರು ಪದ ಹೇಳಿಸಿದ್ದೆ. ಪಟ್ಟಿ ಮಾಡಿದವಳು ನಾನೇ. ನೀರು, ಔಷಧಿ, ಎಡಗೈ, ಬಲಗೈ, ತಲೆನೋವು, ಅಕ್ಕಿ, ಬೇಳೆ, ಎಲ್ಲಿ ಯಾಕೆ ಏನು, ಹೀಗೆ ಒಬ್ಬ ರೋಗಿಗೆ ಬೇಕಾದದ್ದೆಲ್ಲ. ದನಿಯೇನೋ ಪೆಟ್ಟಿಗೆಯ ಮೆಮೊರಿ ಕಾರ್ಡಿನಲ್ಲಿ ಕೂತಿದೆ. ಆದರೆ "ನೀರು" ಎಂದು ಟೈಪ್ ಮಾಡಿದರೆ ಆ ಪದ ಎಲ್ಲಿದೆ ಎಂದು ಹುಡುಕಿಕೊಡುವವರಿಲ್ಲ. ಹುಡುಕಿಕೊಡುವ ಆ ಪುಟ್ಟ ಪ್ರೋಗ್ರಾಮು, ಅಂದರೆ ಫಂಕ್ಷನ್, ನಾನು ಬರೆಯಬೇಕು.

ಮಾರ್ಚ್ 7, ಶುಕ್ರವಾರ

ಪೆಟ್ಟಿಗೆಯ ತಳದಲ್ಲಿ ಇರುವುದು ಮೇಷ್ಟ್ರ ಲೈಬ್ರರಿ. ಅವರು ಪಾಠ ಹೇಳಿದವರಲ್ಲ, ಇಂಜಿನಿಯರು. ಎಲ್ಲರಿಗೂ ತಿದ್ದಿ ತಿದ್ದಿ ಆ ಹೆಸರು ಬಂದಿದೆ. ಇಪ್ಪತ್ತು ವರ್ಷದ ಹಿಂದೆ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸಣ್ಣ ಸಣ್ಣ ಫಂಕ್ಷನ್‌ಗಳ ಕಂತೆ ಅದು. ಉಳಿದ ಪ್ರೋಗ್ರಾಮುಗಳೆಲ್ಲ ಅದರ ಬೆನ್ನ ಮೇಲೆ ಕೂತಿವೆ. ನಿವೃತ್ತರಾದರೂ ಅವರ ಒಪ್ಪಿಗೆಯಿಲ್ಲದೆ ಅದರಲ್ಲಿ ಒಂದು ಅಲ್ಪವಿರಾಮವೂ ಕದಲುವುದಿಲ್ಲ. ವಾರಕ್ಕೆರಡು ದಿನ ಬರುತ್ತಾರೆ, ಕೋಡನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಪೆನ್ಸಿಲ್ ಹಿಡಿದು ಓದುತ್ತಾರೆ. ಬೆಣ್ಣೆಯಲ್ಲಿ ಕೂದಲು ಹುಡುಕುವ ಜಾತಿ.

"ಇಲ್ಲಿ ಬರೋ ಫಂಕ್ಷನ್ನು ಮೆಮೊರಿಯಲ್ಲಿ ಹೊಸ ಜಾಗ ಕೇಳ್ಬಾರ್ದು, ಬೇರೆ ಫಂಕ್ಷನ್ನನ್ನ ಸಹಾಯಕ್ಕೆ ಕರೀಬಾರ್ದು, ಒಂದು ಕೆಲಸ ಮಾಡಿ ಸುಮ್ನಾಗ್ಬೇಕು. ನೋಡಮ್ಮ, ಸಿಯಲ್ಲಿ ಪದಕ್ಕೆ ಬೇಲಿ ಇಲ್ಲ. ಅಕ್ಷರ ಪಕ್ಕ ಅಕ್ಷರ, ಕೊನೇಲಿ ಒಂದು ಸೊನ್ನೆ. ಆ ಸೊನ್ನೆ ನೋಡ್ದಿದ್ರೆ ಪದ ಎಲ್ಲಿ ಮುಗೀತು ಅಂತ ಅದಕ್ಕೆ ಗೊತ್ತಾಗಲ್ಲ" ಎಂದು ನನಗೇ ಪಾಠ ಶುರು ಮಾಡಿದರು. ಈ ಸೊನ್ನೆಯ ಪುರಾಣ ನಾನು ಕೇಳುತ್ತಿರುವುದು ಇಪ್ಪತ್ತೊಂದನೇ ಸಲ. "ಗೊತ್ತು ಮೇಷ್ಟ್ರೇ, ಗೊತ್ತು" ಎಂದು ಅವರ ಮಾತು ಮುಗಿಯುವ ಮೊದಲೇ ಮೇಜಿಗೆ ಬಂದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಬರೆದು ಮುಗಿಸಿದೆ. ಕೇಳಿದ ಪದದಲ್ಲಿ ಎಷ್ಟು ಅಕ್ಷರವಿದೆಯೋ ಅಷ್ಟನ್ನು ಮಾತ್ರ ಪಟ್ಟಿಯ ಪದದ ಜೊತೆ ಹೋಲಿಸುವುದು, ಹೊಂದಿದ ತಕ್ಷಣ ಎತ್ತಿಕೊಡುವುದು. ಹದಿನಾಲ್ಕು ಸಾಲು. ನೋಡಲು ಎಷ್ಟು ಚೆಂದ!

ಮಾರ್ಚ್ 11, ಮಂಗಳವಾರ

ಮೇಷ್ಟ್ರ ಜೊತೆ ಜಟಾಪಟಿ. ಕೇಳಿದ ಪದ ಪಟ್ಟಿಯಲ್ಲಿ ಇಲ್ಲದಿದ್ದರೆ ಹತ್ತಿರದ ಯಾವುದಾದರೂ ಪದ ಕೊಡಲಿ, ಪೂರ್ತಿ ಸುಮ್ಮನಿರುವುದಕ್ಕಿಂತ ವಾಸಿಯಲ್ಲವೇ ಎಂದೆ.

"ಸಿಗಲಿಲ್ಲ ಅಂದ್ರೆ ಇಲ್ಲ ಅನ್ಬೇಕು" ಅಂದರು.

"ಅವರೇನು ಹೇಳೋಕೆ ಹೊರಟ್ರು ಅಂತ ನಾವು ಊಹಿಸ್ಬಹುದಲ್ವಾ?"

"ಅವರ ಬಾಯಲ್ಲಿ ನಮ್ಮ ಮಾತು ಯಾಕಮ್ಮ ತುರುಕೋದು?"

ಹಟಮಾರಿ ಮುದುಕ. ಸಿಗದಿದ್ದರೆ ಸುಮ್ಮನಿರುವಂತೆಯೇ ಬರೆದುಕೊಟ್ಟೆ. ಹಾಗಂತ ಬೇಸರವಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷ ಪೆಟ್ಟಿಗೆಯೊಂದನ್ನು ಸುಟ್ಟು ಹಾಕಿದಾಗ ತಪ್ಪನ್ನು ತಾವೇ ಹೊತ್ತುಕೊಂಡ ಮನುಷ್ಯ ಅವರು. ಅದನ್ನು ಮರೆತರೆ ನನ್ನಂಥ ಕೃತಘ್ನಳಿಲ್ಲ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಮೇಜಿನ ಮೇಲೆ ನನ್ನ ಹದಿನಾಲ್ಕು ಸಾಲಿನ ಪ್ರಿಂಟು ಇತ್ತು. ಒಂದೇ ಒಂದು ಪೆನ್ಸಿಲ್ ಗುರುತು. ಹೋಲಿಸುವ ಸಾಲಿನ ಪಕ್ಕ ಬರೆದಿದ್ದರು: "ಮುಗಿಯಿತೇ?"

ಇಷ್ಟು ಬೇಗ ಮುಗಿಸಿದ್ದಕ್ಕೆ ಆಶ್ಚರ್ಯವಿರಬೇಕು. ಕೆಳಗೆ "ಮುಗಿಯಿತು!" ಎಂದು ಬರೆದು ಅವರ ಮೇಜಿನ ಮೇಲೆ ಇಟ್ಟೆ. ಅವರು ಮಗಳ ಮನೆಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹಾಗಾದ್ರೆ ಸರಿ" ಎಂದು ಸಹಿ ಹಾಕಿದರು. ಫಂಕ್ಷನ್ ಲೈಬ್ರರಿಗೆ ಸೇರಿತು. ನಾನೂರು ಪದವನ್ನೂ ಒಂದೊಂದಾಗಿ ಕೇಳಿ ನೋಡಿದೆ, ನಾನೂರೂ ಸರಿಯಾಗಿ ಸಿಕ್ಕವು. ಕಾರ್ಡಿನಲ್ಲಿ ನಾನೂರ ಇಪ್ಪತ್ತಮೂರು ಇವೆ ಎಂದು ತೋರಿಸಿತು. ಸ್ಟುಡಿಯೋದವಳು ಕೆಲವನ್ನು ಎರಡೆರಡು ಸಲ ತೆಗೆದಿರಬೇಕು, ಇರಲಿ.

ಮಾರ್ಚ್ 15, ಶನಿವಾರ

ಪೆಟ್ಟಿಗೆ ಮನೆಗೆ ತಂದೆ. ತಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಕ ನೋಡುವವನಂತೆ ಮೇಲೆ ಕೆಳಗೆ ಮಾಡಿದ. ಒಂದೇ ಬೆರಳಲ್ಲಿ ಟೈಪ್ ಮಾಡಿದ. ಒತ್ತಿದ.

"ನೀರು."

ಅವನದೇ ದನಿ. ಕೊಂಚ ಒರಟು, ಕೊನೆಯಲ್ಲಿ ಒಂಚೂರು ನಗು. ಎರಡೂವರೆ ತಿಂಗಳಿಂದ ಈ ಮನೆಯಲ್ಲಿ ಕೇಳದ ದನಿ. ನೀರು ತರಲು ಎದ್ದವಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಸದ್ದಾಗದಂತೆ ಅತ್ತೆ. ಲೋಟ ತುಂಬಿ ನೀರು ಹರಿಯುತ್ತಲೇ ಇತ್ತು.

ಈ ದಿನ ಕೊಟ್ಟ ಎಲ್ಲರಿಗೂ, ಮೇಷ್ಟ್ರಿಗೂ, ಸ್ಟುಡಿಯೋದವಳಿಗೂ, ಮಾಲಕಿಗೂ, ನನ್ನ ಹದಿನಾಲ್ಕು ಸಾಲಿಗೂ ಕೈ ಮುಗಿಯುತ್ತೇನೆ.

ಮಾರ್ಚ್ 17, ಸೋಮವಾರ

ವಿಚಿತ್ರ. ನಾನು ಅಡುಗೆಮನೆಯಲ್ಲಿ, ಅವನು ಕೋಣೆಯಲ್ಲಿ. ಪೆಟ್ಟಿಗೆ "ಅಕ್ಕಿ" ಅಂದಿತು. ಮೂರು ಸಲ. ಅನ್ನ ಬೇಕೇನೋ ಎಂದು ಬೇಗ ಬೇಗ ಅಕ್ಕಿ ತೊಳೆದು ಇಟ್ಟೆ. ಬಡಿಸಿದರೆ ಎರಡು ತುತ್ತು ತಿಂದು ತಟ್ಟೆ ಸರಿಸಿದ. ನಿನ್ನೆಯೂ ಹೀಗೇ ಆಗಿತ್ತು. ಕಾಯಿಲೆಯವರಿಗೆ ಆಸೆಯೇ ಹೀಗೆ, ಬರುವುದೂ ಗೊತ್ತಾಗುವುದಿಲ್ಲ, ಹೋಗುವುದೂ ಗೊತ್ತಾಗುವುದಿಲ್ಲ.

ಮಾರ್ಚ್ 18, ಮಂಗಳವಾರ

ಇವತ್ತೂ ಅಕ್ಕಿ. ಐದು ಸಲ. ದೊಡ್ಡ ಪಾತ್ರೆಯಲ್ಲೇ ಇಟ್ಟೆ. ಜೊತೆಗೆ "ತಲೆನೋವು" ಎಂದೂ ಅಂದ. ಮಾತ್ರೆ ಕೊಟ್ಟರೆ ದುರುಗುಟ್ಟಿ ನೋಡಿದ. ಇನ್ನೇನು ಮಾಡಲಿ ನಾನು? ತಲೆ ಕೆಟ್ಟುಹೋಗಿದೆ.

ಮಾರ್ಚ್ 19, ಬುಧವಾರ

ಬರೆಯಲು ಕೂತರೆ ನಗು ಬರುತ್ತದೆ, ನಗುತ್ತಿದ್ದರೆ ಕಣ್ಣು ತುಂಬುತ್ತದೆ.

ಬೆಳಿಗ್ಗೆ ಮತ್ತೆ "ಅಕ್ಕಿ" ಎಂದಿತು. "ಆಯ್ತು ಕಣೋ, ಇಡ್ತಿದ್ದೀನಿ!" ಎಂದು ಕೂಗಿ ಪಾತ್ರೆಗೆ ಕೈ ಹಾಕಿದ್ದೆ. ಅವನೇ ಎದ್ದು ಅಡುಗೆಮನೆಗೆ ಬಂದ. ಪೆಟ್ಟಿಗೆಯ ಪರದೆಯನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅಲ್ಲಿ ಅವನು ಟೈಪ್ ಮಾಡಿದ್ದು "ಅಕ್ಕ." ನನ್ನ ಕಣ್ಣೆದುರಿಗೇ ಗುಂಡಿ ಒತ್ತಿದ.

"ಅಕ್ಕಿ" ಎಂದಿತು ಪೆಟ್ಟಿಗೆ.

ಅವನು ನಾಲ್ಕು ದಿನದಿಂದ ನನ್ನನ್ನು ಕರೆಯುತ್ತಿದ್ದ. ನಾನು ನಾಲ್ಕು ದಿನದಿಂದ ಅನ್ನ ಮಾಡುತ್ತಿದ್ದೆ. ಅವನು ಪಾತ್ರೆ ನೋಡಿದ, ನನ್ನ ಮುಖ ನೋಡಿದ, ಗೋಡೆಗೆ ಒರಗಿ ನಗತೊಡಗಿದ. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತದೆ. ಕತ್ತಿನ ತೂತಿನಿಂದ ಬುಸ್ ಬುಸ್ ಎಂದು ಗಾಳಿ. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಕಾರ್ಡು ತೆಗೆದು ಎಲ್ಲ ಹೆಸರನ್ನೂ ಓದಿದೆ. ಮೊದಲ ನಾನೂರು ನನ್ನವು. ಕೊನೆಯ ಇಪ್ಪತ್ತಮೂರು ಅವನವು! ನಾನು ಸ್ಟುಡಿಯೋದ ಹೊರಗೆ ಕಾಫಿಗೆ ಹೋದಾಗ ಆ ಹುಡುಗಿಗೆ ಹೇಳಿ ತನ್ನಷ್ಟಕ್ಕೆ ತಾನು ಸೇರಿಸಿದ್ದಾನೆ. ಎಡ. ಬಲ. ಕ್ಲಚ್ಚು. ಭಲೇ. ತಲೆ, "ತಲೆ ಉಪಯೋಗಿಸ್ರೀ" ಎಂದು ಕಲಿಯುವವರನ್ನು ಗದರಲು. ನನ್ನ ಫಂಕ್ಷನ್ "ತಲೆ" ಎಂದು ಕೇಳಿದ ಕೂಡಲೇ ಮೇಲಿನಿಂದ ಹುಡುಕುತ್ತ ಬಂದು, ಆ ಅಕ್ಷರಗಳಿಂದ ಶುರುವಾಗುವ ನನ್ನ "ತಲೆನೋವು" ಸಿಕ್ಕ ತಕ್ಷಣ ಎತ್ತಿ ಕೊಟ್ಟಿದೆ. ಎಡ ಎಂದರೆ ಎಡಗೈ. ಅಕ್ಕ ಎಂದರೆ ಅಕ್ಕಿ, ಕಂಪ್ಯೂಟರಿಗೆ ಗುಡಿಸು ಕೂಡ ಕೊನೆಗೆ ಸೇರುವ ಬೇರೆಯೇ ಒಂದು ಅಕ್ಷರ. ನನ್ನ ಪಟ್ಟಿ ಮುಂದೆ ನಿಂತಿರುವಾಗ ಅವನ ಪದದವರೆಗೆ ಅದು ಹೋಗಲೇ ಇಲ್ಲ.

"ಸುಮ್ನಿರು" ಎಂದೂ ಒಂದಿದೆ. ಕಲಿಯಲು ಬರುವವರಲ್ಲಿ ಬಾಯಿಬಡುಕರು ಇರುತ್ತಾರಲ್ಲ, ಅವರಿಗಿರಬೇಕು.

"ಅಕ್ಕ" ಎಂಬುದನ್ನು ಕಂಪ್ಯೂಟರಿನಲ್ಲಿ ಹಾಕಿ ಕೇಳಿದೆ. "ಅಕ್ಕಾ..." ಎರಡೂ ಕೈಯಲ್ಲಿ ಸಾಮಾನು ಹಿಡಿದು ಬಾಗಿಲ ಹೊರಗೆ ನಿಂತಾಗ ಕೂಗುತ್ತಿದ್ದನಲ್ಲ, ಹಾಗೆಯೇ. ನಾನೂರು ಪದದ ಪಟ್ಟಿ ಮಾಡಿದವಳಿಗೆ ಇದೊಂದು ಹೊಳೆದಿರಲಿಲ್ಲ. ಅವನಿಗೆ ಹೊಳೆದಿತ್ತು. ಅಷ್ಟು ಭಯದ ದಿನದಲ್ಲೂ ಹೊಳೆದಿತ್ತು. ಏನು ಹೇಳಲಿ, ಇಂಥ ತಮ್ಮ ಸಿಕ್ಕಿದ್ದಕ್ಕೆ ಏನು ಹೇಳಲಿ.

ಮಾರ್ಚ್ 20, ಗುರುವಾರ

ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಅಕ್ಕಿಯ ಕಥೆ ಕೇಳಿ ಅವರಿಗೆ ನಕ್ಕು ನಕ್ಕು ಕೆಮ್ಮು ಬಂತು.

"ನಾನು ಪೆನ್ಸಿಲ್‌ನಲ್ಲಿ ಕೇಳಿದ್ನಲ್ಲಮ್ಮ, ಮುಗಿಯಿತೇ ಅಂತ."

"ಕೆಲಸ ಮುಗೀತಾ ಅಂತ ಕೇಳಿದ್ರಿ ಅಂದ್ಕೊಂಡೆ."

"ಪದ ಮುಗೀತಾ ಅಂತ ಕಣಮ್ಮ! ಆ ಸಾಲಿನ ಪಕ್ಕಾನೇ ಬರ್ದಿದ್ದೆ. ನೀನು ಮುಗಿಯಿತು ಅಂತ ಆಶ್ಚರ್ಯಸೂಚಕ ಬೇರೆ ಹಾಕಿದ್ದೆ. ಸರಿ, ಹುಡುಗಿ ನೋಡಿರ್ತಾಳೆ ಅಂತ ನಂಬಿದೆ. ನಂದೂ ತಪ್ಪೇ."

ಮತ್ತೆ ತಪ್ಪನ್ನು ತಾವೇ ಹೊತ್ತುಕೊಂಡರು. ನಲವತ್ತೇಳು ವರ್ಷದವಳನ್ನು ಹುಡುಗಿ ಎನ್ನುವವರು ಲೋಕದಲ್ಲಿ ಇನ್ನು ಇವರೊಬ್ಬರೇ. ಸೊನ್ನೆಯ ಪುರಾಣವನ್ನು ಇಪ್ಪತ್ತೆರಡನೇ ಸಲ ಹೇಳಿದರು. ಫೋನ್ ಕಿವಿಗೆ ಒತ್ತಿಕೊಂಡು ಕೊನೆಯವರೆಗೂ ಕೇಳಿದೆ. ಕೊನೆಯಲ್ಲೊಂದು ಭಾಗವಿದೆ, ಅದನ್ನು ನಾನು ಯಾವತ್ತೂ ಕೇಳಿಯೇ ಇರಲಿಲ್ಲ. ಕೇಳಿದ ಅಕ್ಷರಗಳೆಲ್ಲ ಹೊಂದಿದವು ಎಂದು ಅವಸರಪಡಬಾರದಂತೆ. ಇನ್ನೊಂದು ಹೆಜ್ಜೆ ಮುಂದಿಟ್ಟು, ಪಟ್ಟಿಯ ಪದವೂ ಅಲ್ಲೇ ಮುಗಿಯಿತೇ, ಅಲ್ಲಿ ಸೊನ್ನೆ ಇದೆಯೇ ಎಂದು ನೋಡಬೇಕಂತೆ. ಇಲ್ಲದಿದ್ದರೆ ಅದು ಬೇರೆ ಪದ. ಬಿಟ್ಟು ಮುಂದೆ ಹೋಗಬೇಕು.

ಒಂದೇ ಸಾಲು ಸೇರಿಸಿದೆ. ಈಗ ಹದಿನೈದು.

ಮಾರ್ಚ್ 21, ಶುಕ್ರವಾರ

"ಅಕ್ಕಾ..." ಎಂದಿತು ಪೆಟ್ಟಿಗೆ. "ಏನೋ?" ಎಂದೆ. ಏನೂ ಇರಲಿಲ್ಲ, ಸುಮ್ಮನೆ ಕರೆದದ್ದು. ಹನ್ನೊಂದು ಸಲ ಕರೆದ. ಹನ್ನೊಂದು ಸಲ "ಏನೋ" ಎಂದೆ.

ಮಾರ್ಚ್ 27, ಗುರುವಾರ

ಔಷಧಿ ಅಂಗಡಿಗೆ ಹೋಗಿದ್ದೆವು. ತಮ್ಮ ಕೌಂಟರಿನ ಮುಂದೆ ನಿಂತು ಟೈಪ್ ಮಾಡುತ್ತ, ಅಂಗಡಿಯವರು ಕಿವಿ ಮುಂದೆ ಮಾಡಿ ಕೇಳುತ್ತ, ಒಂದು ಮಾತ್ರೆಗೆ ಹತ್ತು ನಿಮಿಷ. ಅಲ್ಲಿಯ ಗೋಡೆಯ ಮೇಲಿನ ಜಾಹೀರಾತನ್ನೆಲ್ಲ ಓದಿ ಮುಗಿಸಿದೆ. ಕೀಲುನೋವಿಗೆ ಒಳ್ಳೆಯ ಎಣ್ಣೆ ಬಂದಿದೆಯಂತೆ. ಹೊರಗೆ ಬರುವಾಗ ತಮ್ಮ ಅದೇಕೋ ನನ್ನ ಬೆನ್ನು ತಟ್ಟಿದ. ನಾನೇನು ಮಾಡಿದೆ ಎಂದು ತಿಳಿಯಲಿಲ್ಲ.

ತರಬೇತಿಯಾಕೆಯೂ ಸೋಮವಾರ ನನ್ನನ್ನು ಕಂಡು ಮುಗುಳ್ನಕ್ಕಳು. ಒಳ್ಳೆಯ ಹುಡುಗಿ, ಮೊದಲ ದಿನ ಸುಮ್ಮನೆ ಸಿಟ್ಟಾಗಿದ್ದೆ.

ಏಪ್ರಿಲ್ 4, ಶುಕ್ರವಾರ

ಪಾಠದ ದಿನ. ಮಾಲಕಿ ನನ್ನ ಜೊತೆ ಹಿಂದಿನ ಸೀಟಿನಲ್ಲಿ. ಮುಂದೆ ತಮ್ಮ, ಅವನ ಕಾಲ ಕೆಳಗೆ ಪ್ರತ್ಯೇಕ ಬ್ರೇಕು. ಸ್ಟೀರಿಂಗ್ ಹಿಡಿದವರು ಒಬ್ಬ ಹಲ್ಲಿನ ಡಾಕ್ಟರು. ಬೇರೆಯವರ ಬಾಯಿಗೆ ಡ್ರಿಲ್ ಇಡುವ ಹೆಂಗಸಿಗೆ ಕ್ಲಚ್ ಕಂಡರೆ ಜೀವ ಬಾಯಿಗೆ ಬರುತ್ತದಂತೆ. ಈಗಾಗಲೇ ಎರಡು ಕಡೆ ಕಲಿಯಲು ಹೋಗಿ ಬಿಟ್ಟುಬಂದಿದ್ದರು.

"ಎಡ." ತಿರುಗಿದರು. "ನಿಧಾನ." ನಿಧಾನಿಸಿದರು. "ಬಲ." "ಭಲೇ!" ಪೆಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ. ನಾನು ಸೀಟಿನ ಅಂಚಿನಲ್ಲಿ ಉಗುರು ಕಚ್ಚುತ್ತ ಕೂತಿದ್ದೆ.

ದೊಡ್ಡ ಸರ್ಕಲ್ಲಿನಲ್ಲಿ ಕಾರು ನಿಂತುಬಿಟ್ಟಿತು. ಹಿಂದೆ ಹಾರ್ನುಗಳ ಅರಚಾಟ. ಡಾಕ್ಟರು ಕೀಯನ್ನು ಮತ್ತೆ ಮತ್ತೆ ತಿರುಗಿಸಿದರು. ತಮ್ಮ ಟೈಪ್ ಮಾಡಿ ಒತ್ತಿದ. ಪೆಟ್ಟಿಗೆ ಮಾತಾಡಲಿಲ್ಲ. ಆ ಪದ ಕಾರ್ಡಿನಲ್ಲಿ ಇಲ್ಲ. ಅವನು ಏನು ಹೇಳಲು ಹೊರಟಿದ್ದ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ: ನ್ಯೂಟ್ರಲ್ಲಿಗೆ ಹಾಕಿ. ನಾಲಿಗೆ ತುದಿಯಲ್ಲೇ ಇತ್ತು. ಮಾಲಕಿ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ.

ತಮ್ಮ ಇನ್ನೊಂದು ಪದ ಹುಡುಕಿದ. ಅವಸರವೇ ಇಲ್ಲ. ಒತ್ತಿದ.

"ಉಸಿರು."

ಡಾಕ್ಟರು ಅವನ ಕಡೆ ತಿರುಗಿದರು. ಅವನು ಕತ್ತಿನ ತೂತಿನಿಂದ ಉದ್ದಕ್ಕೆ ಉಸಿರೆಳೆದು, ಬಿಟ್ಟು ತೋರಿಸಿದ. ಅವರೂ ಹಾಗೇ ಮಾಡಿದರು. ಎರಡು ಸಲ. ಆಮೇಲೆ ತಾವೇ ಗೇರು ಸರಿ ಮಾಡಿ, ಕಾರು ಚಾಲೂ ಮಾಡಿ, ಆ ಹಾರ್ನುಗಳ ಮಧ್ಯೆಯೇ ಮುಂದೆ ಸಾಗಿದರು. ನ್ಯೂಟ್ರಲ್ ಅಂತೆ ನ್ಯೂಟ್ರಲ್. ನಾನು ಬಾಯಿ ಹಾಕಿದ್ದರೆ ಎಲ್ಲ ಕೆಡುತ್ತಿತ್ತು.

ಇಳಿದ ಮೇಲೆ ಡಾಕ್ಟರು ಮಾಲಕಿಗೆ ಹೇಳಿದರು, "ಮೊದ್ಲು ಕಲಿಸಿದೋರೆಲ್ಲ ಕಿರುಚ್ತಾ ಇದ್ರು. ಇವರು ಒಂದು ಮಾತು ಹೇಳಿ ಕಾಯ್ತಾರೆ. ನನಗೆ ಇವರೇ ಬೇಕು." ಮಾಲಕಿ ತಮ್ಮನ ಕೈಗೆ ಕಾರಿನ ಕೀ ಕೊಟ್ಟು, "ಸೋಮವಾರ ಎಂಟಕ್ಕೆ ಬಂದ್ಬಿಡಿ" ಅಂದರು. ಅವನು ಟೈಪ್ ಮಾಡತೊಡಗಿದ. ನಾವು ಮೂವರು ಹೆಂಗಸರೂ ಬಿಸಿಲಲ್ಲಿ ನಿಂತು ಕಾದೆವು.

"ಬರ್ತೀನಿ" ಎಂದಿತು ಅವನ ದನಿ.

ಏಪ್ರಿಲ್ 6, ಭಾನುವಾರ

ಮಧ್ಯಾಹ್ನ ಊಟದ ಮೇಜಿನ ಮೇಲೆ ತರಕಾರಿ ಹೆಚ್ಚುತ್ತಿದ್ದೆ. ತಮ್ಮ ನಾಳೆಯ ಅಂಗಿಗೆ ಇಸ್ತ್ರಿ ಹಾಕಿ ಮುಗಿಸಿ ಎದುರಿಗೆ ಬಂದು ಕೂತ. ಪೆಟ್ಟಿಗೆ ಎಳೆದುಕೊಂಡ.

"ಅಕ್ಕಾ... ಯಾಕೆ. ಮಾತು. ಇಲ್ಲ."

ಒಂದೊಂದು ಪದವೂ ಒಂದೊಂದು ಹೊತ್ತಿನಲ್ಲಿ ಹೇಳಿದ್ದು, ಹಾಗಾಗಿ ಒಂದು ನಗುತ್ತದೆ, ಒಂದು ಸುಸ್ತಾಗಿದೆ.

"ನನಗೇನಾಗಿದೆ? ಇದ್ದ ಹಾಗೇ ಇದ್ದೀನಿ. ನಾನು ಯಾವಾಗ ಜಾಸ್ತಿ ಮಾತಾಡ್ದೋಳು?" ಎಂದೆ.

ಅವನಿಗೆ ಎಂಥ ನಗು ಬಂತೆಂದರೆ ಎದ್ದು ಹೋಗಿ ಕತ್ತಿನ ಕೊಳವೆ ಸ್ವಚ್ಛ ಮಾಡಿಕೊಂಡು ಬರಬೇಕಾಯಿತು. ಇದರಲ್ಲಿ ಅಷ್ಟು ನಗುವಂಥದ್ದು ಏನಿತ್ತೋ. ಬಂದು ಮತ್ತೆ ಕೂತು ಟೈಪ್ ಮಾಡಿದ.

"ನೀನು. ಹೇಳು. ನಾನು. ಕೇಳ್ತೀನಿ."

ಈ ಜನ್ಮದಲ್ಲಿ ಯಾರೂ ನನ್ನನ್ನು ಮಾತಾಡು ಎಂದು ಕೇಳಿದವರಿಲ್ಲ. ಕೇಳುವ ಮೊದಲೇ ನಾನು ಆಡಿ ಮುಗಿಸಿರುತ್ತಿದ್ದೆ. ಈಗ ಕೇಳಿದರೆ ಒಂದು ಪದವೂ ಸಿಗಲಿಲ್ಲ. ಚಾಕು ಕೆಳಗಿಟ್ಟೆ. ತರಕಾರಿಯ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದೆ. ಅವನು ಪೆಟ್ಟಿಗೆಯಿಂದ ಕೈ ತೆಗೆದು, ಎರಡೂ ಕೈ ಮೇಜಿನ ಮೇಲಿಟ್ಟು ಕಾದ. ನನಗಾಗಿ ಯಾರಾದರೂ ಹಾಗೆ ಕಾದದ್ದು ನೆನಪಿಲ್ಲ.

"ನೀನು ಸತ್ತೋಗ್ತೀಯ ಅಂತ ತುಂಬಾ ಹೆದ್ರಿದ್ದೆ ಕಣೋ" ಎಂದೆ. ಅಷ್ಟೇ ಹೇಳಲಾದದ್ದು. "ಮಾತು ನಿಲ್ಸಿದ್ರೆ ಅದು ಬಾಯಿಗೆ ಬಂದ್ಬಿಡುತ್ತೆ ಅಂತ ಮಾತಾಡ್ತಾನೇ ಇದ್ದೆ."

ಅವನು ಟೈಪ್ ಮಾಡಿದ. ಒಂದೇ ಪದ.

"ಗೊತ್ತು."

ನನ್ನ ಪಟ್ಟಿಯದೇ ಪದ, ಮೆಲ್ಲಗಿನ ದನಿ. ಅದನ್ನು ಅವನು ಹೇಳಿದ್ದು ಆಪರೇಷನ್ನಿನ ಹಿಂದಿನ ದಿನ, ಸ್ಟುಡಿಯೋದ ಗಾಜಿನ ಆಚೆ ಪಟ್ಟಿ ಹಿಡಿದು ನಿಂತಿದ್ದ ನನ್ನನ್ನೇ ನೋಡುತ್ತ.